ತಂತಿ ಹಲ್ಲನ್ನು ಸರಿಸುತ್ತದೆ, ತೊಳೆಯುವುದಿಲ್ಲ

ಬನಾರಸದಲ್ಲಿ ಬಾಯಿಗೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಕಚೋರಿ ಜಲೇಬಿ, ಮಧ್ಯಾಹ್ನ ಕುಲ್ಹಡಿನಲ್ಲಿ ಲಸ್ಸಿ, ಸಂಜೆ ಟಮಾಟರ್ ಚಾಟ್, ರಾತ್ರಿ ಊಟದ ಮೇಲೊಂದು ಪಾನ್. ಇವೆಲ್ಲದರ ನಡುವೆ ಮಾತು. ಬಾಯಲ್ಲಿ ಪಾನ್ ಇಟ್ಟುಕೊಂಡೇ ಮುಖ ತುಸು ಮೇಲೆತ್ತಿ, ರಸ ಹೊರಬೀಳದಂತೆ ಇಡೀ ವಾಕ್ಯ ಹೇಳಿ ಮುಗಿಸುವ ವಿದ್ಯೆ ಇಲ್ಲಿನವರಿಗೆ ಸಿದ್ಧಿಸಿದಷ್ಟು ಬೇರೆಯವರಿಗೆ ಸಿದ್ಧಿಸಿದ್ದನ್ನು ನಾನಂತೂ ನೋಡಿಲ್ಲ. ಅಂಥ ಊರಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಬದುಕುವ ಕಥೆಯೇ ಈ ತಿಂಗಳ ಅಂಕಣ.

ನಮ್ಮ ಕಾಲೊನಿಯಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೂರು ಮನೆಯ ಮಕ್ಕಳ ಬಾಯಲ್ಲಿ ಈಗ ತಂತಿ ಇದೆ, ನಮ್ಮ ಮಗಳೂ ಅದರಲ್ಲಿ ಒಬ್ಬಳು. ಪುಣೆಯಲ್ಲಿರುವ ತಂಗಿ, ದೆಹಲಿಯಲ್ಲಿರುವ ಗೆಳತಿ ಫೋನ್ ಮಾಡಿದಾಗಲೂ ಇದೇ ಮಾತು. "ಕ್ಲಿಪ್ ಹಾಕಿಸಿದ್ರೆ ಮುಂದೆ ಹುಳುಕೇ ಆಗಲ್ವಂತೆ, ಹೌದೇನೇ?" "ಒಸಡು ಗಟ್ಟಿ ಆಗತ್ತಂತೆ?" ಎಂದು ಕೇಳುತ್ತಾರೆ. ಹೌದು ಎಂದರೂ ಪೂರ್ತಿ ನಿಜವಲ್ಲ, ಇಲ್ಲ ಎಂದರೂ ಪೂರ್ತಿ ನಿಜವಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿಯೇ ಬರೆದುಬಿಡೋಣ ಎನಿಸಿತು.

ಕಾಶಿಗೆ ಹಲ್ಲಿನ ವೈದ್ಯ ಹೊಸದೇನಲ್ಲ. ಸುಶ್ರುತ ಸಂಹಿತೆ ತನ್ನನ್ನು ಕಾಶಿರಾಜ ದಿವೋದಾಸ ಧನ್ವಂತರಿಯ ಉಪದೇಶವೆಂದು ಹೇಳಿಕೊಳ್ಳುತ್ತದೆ. ಅದು ಬಾಯಿಯ ರೋಗಗಳನ್ನು 65 ಎಂದು ಎಣಿಸಿ, ಅದರಲ್ಲಿ 15ನ್ನು ಹಲ್ಲಿನ ಬುಡಕ್ಕೆ, 8ನ್ನು ಹಲ್ಲಿಗೆ ಹಂಚುತ್ತದೆ. ಹಲ್ಲಿಗಿಂತ ಹಲ್ಲು ನಿಂತ ನೆಲಕ್ಕೇ ಕಾಯಿಲೆ ಹೆಚ್ಚು ಎಂಬ ಲೆಕ್ಕ ಅದು. ಆ ಎಂಟರಲ್ಲಿ ಸೊಟ್ಟ ಹಲ್ಲಿಗೆ ಜಾಗವಿಲ್ಲ. ಮುಂದೆ ವಾಗ್ಭಟ ಅಷ್ಟಾಂಗಹೃದಯದಲ್ಲಿ ಅಡ್ಡಾದಿಡ್ಡಿಯಾದ ಹಲ್ಲಿಗೆ 'ಕರಾಲ' ಎಂಬ ಹೆಸರು ಕೊಟ್ಟ. ಮಾಧವನಿದಾನವು ಅದನ್ನು ಗುಣವಾಗದ್ದರ ಪಟ್ಟಿಗೆ ಸೇರಿಸಿತು. ಗುಣವಾಗಿಸುವ ವಿದ್ಯೆ ಒಂದು ಶಾಸ್ತ್ರವಾಗಿ ನಿಂತದ್ದು ಬಹಳ ತಡವಾಗಿ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದನ್ನು ಮೂರು ವರ್ಗ ಮಾಡಿ ಬರೆದಿಟ್ಟರು. ಇಂದಿಗೂ ಡಾಕ್ಟರರು ನಿಮ್ಮ ಮಗುವಿನ ಫೈಲಿನಲ್ಲಿ 'ಕ್ಲಾಸ್ ಟೂ' ಎಂದು ಗೀಚಿದ್ದರೆ ಅದು ಆ ಪುಣ್ಯಾತ್ಮನ ಲೆಕ್ಕವೇ. ಮಗು ಎರಡನೇ ದರ್ಜೆಯಲ್ಲಿ ಪಾಸಾಗಿದೆ ಎಂದಲ್ಲ.

ಹಲ್ಲು ಸರಿಯುವುದಾದರೂ ಹೇಗೆ? ಗೋಡೆಗೆ ಹೊಡೆದ ಮೊಳೆಯ ಹಾಗೆ ಹಲ್ಲು ಮೂಳೆಯೊಳಗೆ ಬಿಗಿದು ಕೂತಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಬೇರಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಕಾಲುಭಾಗದಷ್ಟು ದಪ್ಪದ ನಾರಿನ ಪದರವೊಂದಿದೆ. ಹಲ್ಲು ಆ ನಾರಿನ ತೊಟ್ಟಿಲಲ್ಲಿ ತೂಗಿಕೊಂಡಿರುತ್ತದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಒತ್ತಿದ ಕಡೆಯ ಮೂಳೆ ಕರಗುತ್ತದೆ, ಬಿಟ್ಟುಬಂದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಪಯಣ. ಹಾಗಾಗಿಯೇ ಒಂದೂವರೆ, ಎರಡು ವರ್ಷ ಹಿಡಿಯುವುದು. ಜೋರಾಗಿ ಬಿಗಿದರೆ ಬೇಗ ಮುಗಿಯುತ್ತದೆ ಎಂಬುದು ಸುಳ್ಳು. ಅತಿಯಾದ ಬಲದಿಂದ ನೋವು ಹೆಚ್ಚುತ್ತದೆ, ಬೇರಿನ ತುದಿ ಸವೆದು ಗಿಡ್ಡವಾಗುವ ಅಪಾಯವೂ ಇದೆ.

ಈ ಕೆಲಸದಲ್ಲಿ ಮೂಳೆ ಕರಗಿ ಕಟ್ಟಿಕೊಳ್ಳಬೇಕೆಂದರೆ ಸುತ್ತಲಿನ ಒಸಡು ಆರೋಗ್ಯವಾಗಿರಬೇಕು. ಒಸಡು ಊದಿ, ಕೀವು ಕಟ್ಟಿ, ಒಳಗೆ ಮೂಳೆ ಸವೆಯುತ್ತಿರುವ ಬಾಯಿಗೆ ತಂತಿ ಬಿಗಿದರೆ ಕರಗುವ ಕೆಲಸ ಮಾತ್ರ ನಡೆದು ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಈ ಒಂದು ಮಾತು ನಮ್ಮ ಮನೆಯಲ್ಲಿ ಮೂರು ತಿಂಗಳ ಜಗಳಕ್ಕೆ ಕಾರಣವಾಯಿತು.

ಯಜಮಾನರಿಗೆ ಇಲ್ಲಿಗೆ ವರ್ಗವಾದಾಗ ಮಗಳಿಗೆ ಹದಿಮೂರು ವರ್ಷ. ಮೈಸೂರಿನಲ್ಲಿ ಕ್ಲಿಪ್ ಹಾಕಿಸಿ ಎಂಟು ತಿಂಗಳಾಗಿತ್ತು. ಮೇಲಿನ ಕೋರೆಹಲ್ಲು ಎರಡೂ ಜಾಗ ಸಾಲದೆ ಒಸಡಿನ ಮೇಲ್ಭಾಗದಲ್ಲಿ ಬಂದಿದ್ದವು. "ಹಲ್ಲಿನ ಮೇಲೆ ಹಲ್ಲು ಬಂದ್ರೆ ಅದೃಷ್ಟ ಕಣೇ" ಎಂದು ಅಜ್ಜಿ ತಡೆದರೂ ಡಾಕ್ಟರರು ಅಲ್ಲಿ ಅನ್ನದ ಅಗುಳು ಸಿಕ್ಕಿಕೊಂಡು ಎರಡೂ ಕಡೆ ಒಸಡು ಕೆಂಪಾಗಿರುವುದನ್ನು ತೋರಿಸಿದ್ದರು. ಅರ್ಧ ದಾರಿಯಲ್ಲಿ ಊರು ಬಿಟ್ಟೆವು. ಸಾಮಾನು ಬಿಚ್ಚಿ, ಶಾಲೆ ಹುಡುಕಿ, ಲಂಕಾ ಕಡೆ ಒಬ್ಬ ತಜ್ಞರನ್ನು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಹತ್ತು ವಾರ ಕಳೆದಿತ್ತು.

ಅವರು ಕನ್ನಡಿ ಹಿಡಿದು ನೋಡಿ, ಒಸಡಿನ ಅಂಚಿಗೆ ಮೊಂಡು ತುದಿಯ ಕಡ್ಡಿ ತಾಗಿಸಿದರು. ರಕ್ತ ಬಂತು. ತಂತಿ ಬಿಗಿಮಾಡಲೇ ಇಲ್ಲ. "ಪಹಲೇ ಸಫಾಯಿ, ಫಿರ್ ತಾರ್" ಎಂದರು. ಮೊದಲು ಸ್ವಚ್ಛತೆ, ಆಮೇಲೆ ತಂತಿ. ಹಲ್ಲು ಶುಚಿ ಮಾಡಿ, ಉಜ್ಜುವುದನ್ನು ಹೊಸದಾಗಿ ಹೇಳಿಕೊಟ್ಟು, ತಿಂಗಳು ಬಿಟ್ಟು ಬನ್ನಿ ಎಂದರು. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ಕ್ಯಾಲೆಂಡರಿನಲ್ಲಿ ತಿಂಗಳು ಎಣಿಸುತ್ತಿದ್ದ ಮಗಳು ಕೆರಳಿದಳು. "ಎಲ್ಲ ಕಿತ್ತು ಹಾಕ್ಸಮ್ಮ, ನಂಗೆ ಸೊಟ್ಟ ಹಲ್ಲೇ ಇರ್ಲಿ" ಎಂದು ಎರಡು ದಿನ ಊಟ ಬಿಟ್ಟಳು. ಡಾಕ್ಟರರು ಅವಳನ್ನೇ ಕೂರಿಸಿಕೊಂಡು ಹೇಳಿದ ಮಾತು ಈ ಬರಹದ ತಲೆಬರಹವಾಗಿದೆ: ತಂತಿ ಹಲ್ಲನ್ನು ಸರಿಸುತ್ತದೆ ಮಗು, ತೊಳೆಯುವುದಿಲ್ಲ. ಅದು ನಿನ್ನ ಕೆಲಸ. ನಾಲ್ಕನೇ ಭೇಟಿಯಲ್ಲಿ ಕಡ್ಡಿ ತಾಗಿಸಿದಾಗ ರಕ್ತ ಬರಲಿಲ್ಲ. ಅಂದೇ ಹೊಸ ತಂತಿ ಏರಿತು.

ಆದರೆ ಮುಂದಿನ ಒಂದು ಹಲ್ಲಿನ ಮೇಲೆ, ಬ್ರ್ಯಾಕೆಟ್ಟಿನ ಅಂಚಿಗೆ, ಸುಣ್ಣ ತಾಗಿದ ಹಾಗೆ ಒಂದು ಬಿಳಿ ಗುರುತು ಉಳಿದಿದೆ. ಇದು ಕ್ಲಿಪ್ ಹಾಕಿಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ. ತಂತಿ, ಬ್ರ್ಯಾಕೆಟ್, ರಬ್ಬರ್ ಉಂಗುರ ಎಲ್ಲ ಸೇರಿ ಬಾಯಲ್ಲಿ ನೂರು ಹೊಸ ಮೂಲೆಗಳಾಗುತ್ತವೆ. ಮೂಲೆಯಲ್ಲಿ ಅಂಟುವ ಪಾಚಿಯೊಳಗಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಆ ಆಮ್ಲ ಎನಾಮೆಲ್ಲಿನಿಂದ ಕ್ಯಾಲ್ಸಿಯಂ ಎಳೆದುಹಾಕಿದಾಗ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಹುಳುಕಿನ ಮೊದಲ ಮೆಟ್ಟಿಲು ಅದು. ಚೆನ್ನಾಗಿ ಉಜ್ಜದಿದ್ದರೆ ಇಂಥ ಕಲೆ ಮೂಡಲು ನಾಲ್ಕೇ ವಾರ ಸಾಕು. ತಂತಿ ತೆಗೆದ ಮೇಲೆ ಸ್ವಲ್ಪಮಟ್ಟಿಗೆ ಮಾಸಬಹುದು, ಪೂರ್ತಿ ಅಳಿಯುವುದು ಅಪರೂಪ. ಎರಡು ವರ್ಷ ಕಷ್ಟಪಟ್ಟು ನೇರವಾದ ಹಲ್ಲಿನ ಮೇಲೆ ಚೌಕಾಕಾರದ ಬಿಳಿ ಕಲೆ ಕೂತಿದ್ದರೆ ಆ ದುಡ್ಡಿಗೂ ಕಷ್ಟಕ್ಕೂ ಏನರ್ಥ?

ಹಾಗಾದರೆ ಹಲ್ಲು ನೇರವಾದರೆ ಬಾಯಿ ಆರೋಗ್ಯವಾಗುತ್ತದೆ ಎಂಬುದು? ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟವಾದ ಒಂದು ಲೇಖನ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿತು. ತಂತಿ ಹಾಕಿಸಿದ್ದರಿಂದಲೇ ಒಸಡು ಸುಧಾರಿಸಿತು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಸರಾಸರಿ ಲೆಕ್ಕದಲ್ಲಿ ಮಿಲಿಮೀಟರಿನ ಸಣ್ಣ ಪಾಲಿನಷ್ಟು ಹಿನ್ನಡೆಯೇ ಕಂಡಿತು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು 13ನೇ ವಯಸ್ಸಿನ ಮಕ್ಕಳನ್ನು ಗುರುತಿಸಿ ಅವರು 30 ವರ್ಷದವರಾದಾಗ ಮತ್ತೆ ಹಲ್ಲು ನೋಡಿದರು. 2019ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ತಂತಿ ಹಾಕಿಸಿಕೊಂಡವರಲ್ಲಿ ಹುಳುಕು ಕಡಿಮೆಯೇನೂ ಆಗಿರಲಿಲ್ಲ. ಹುಳುಕು ತಡೆಯುವುದು ದಿನಕ್ಕೆರಡು ಸಲದ ಬ್ರಶ್ಶು, ಫ್ಲೋರೈಡ್ ಇರುವ ಪೇಸ್ಟು, ಮತ್ತು ಸಿಹಿ ತಿನ್ನುವ ಸಲಗಳ ಲೆಕ್ಕ. ಸೊಟ್ಟ ಹಲ್ಲಿನವರು ಶ್ರದ್ಧೆಯಿಂದ ಉಜ್ಜಿದರೆ ನೇರ ಹಲ್ಲಿನ ಸೋಮಾರಿಗಿಂತ ಚೆನ್ನಾಗಿರುತ್ತಾರೆ.

ಹಾಗೆಂದು ತಂತಿ ಬರೀ ಶೋಕಿ ಎನ್ನುವಂತಿಲ್ಲ. ಬೇಕೇ ಬೇಕಾಗುವ ಬಾಯಿಗಳಿವೆ. ಮುಂದಿನ ಹಲ್ಲು ಬಹಳ ಚಾಚಿಕೊಂಡಿರುವ ಮಕ್ಕಳು ಬಿದ್ದಾಗ ಮೊದಲು ಮುರಿಯುವುದು ಆ ಹಲ್ಲೇ. ಅದನ್ನು ಒಳಗೆ ತಂದರೆ ಪೆಟ್ಟಿನ ಅಪಾಯ ಇಳಿಯುತ್ತದೆ. ಕೆಳಗಿನ ಹಲ್ಲು ಮೇಲಿನ ಅಂಗುಳಿಗೆ ಚುಚ್ಚಿ ಗಾಯ ಮಾಡುತ್ತಿದ್ದರೆ, ಬಾಯಿ ಮುಚ್ಚುವಾಗ ದವಡೆ ಒಂದು ಪಕ್ಕಕ್ಕೆ ಜಾರುತ್ತಿದ್ದರೆ, ಕೋರೆಹಲ್ಲು ಮೂಳೆಯೊಳಗೇ ಅಡ್ಡ ಸಿಕ್ಕಿಕೊಂಡು ಪಕ್ಕದ ಬೇರನ್ನು ಕೊರೆಯುತ್ತಿದ್ದರೆ ಕಾಯುವುದು ಸರಿಯಲ್ಲ. ಬ್ರಶ್ಶೇ ತಲುಪದಷ್ಟು ಒತ್ತೊತ್ತಾಗಿ ಕೂತ ಹಲ್ಲಿಗೂ ಲಾಭವಿದೆ, ಜಾಗವಾದ ಮೇಲೆ ಅಲ್ಲಿ ಬ್ರಶ್ಶು ಆಡಿಸಿದರೆ. ಏಳು ವರ್ಷದ ಹೊತ್ತಿಗೆ ಮಗುವನ್ನು ಒಮ್ಮೆ ತಜ್ಞರಿಗೆ ತೋರಿಸಿ ಎಂದು ಅಮೆರಿಕದ ವಕ್ರದಂತ ತಜ್ಞರ ಸಂಘ ಹೇಳುತ್ತದೆ. ತೋರಿಸಿದ ಕೂಡಲೇ ತಂತಿ ಬೀಳುತ್ತದೆ ಎಂದಲ್ಲ. ಬೆರಳು ಚೀಪುವ, ಬಾಯಲ್ಲಿ ಉಸಿರಾಡುವ ಅಭ್ಯಾಸ ಗೊತ್ತಾದರೆ ಆಗಲೇ ಬಿಡಿಸಬಹುದು.

ಚೆಂದಕ್ಕಾಗಿ ಹಾಕಿಸುವುದೂ ತಪ್ಪಲ್ಲ. ನಗುವಾಗ ಕೈ ಅಡ್ಡ ಹಿಡಿಯುವ ಮಗುವಿಗೆ ಅದೇ ದೊಡ್ಡ ಕಾರಣ. ಆದರೆ ಕಾಶಿಯಾತ್ರೆಗೆ ಬಂದು ನಮ್ಮಲ್ಲಿ ಇಳಿದುಕೊಳ್ಳುವ ಹಿರಿಯರು ಮಗಳನ್ನು ಮುಂದೆ ನಿಲ್ಲಿಸಿಕೊಂಡು, "ಮದುವೆ ಹೊತ್ತಿಗೆ ಸರಿಹೋಗ್ಲಿ, ಹೆಣ್ಣುಮಗು" ಎಂದಾಗ ನನಗೆ ಹಲ್ಲು ಕಚ್ಚಿಕೊಳ್ಳಬೇಕಾಗುತ್ತದೆ. ಅದೇ ಹಲ್ಲಿನ ಗಂಡುಮಗುವಿಗೆ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಚೆಂದಕ್ಕಾದರೆ ಚೆಂದಕ್ಕೆ ಎಂದೇ ಹೇಳೋಣ, ಆರೋಗ್ಯದ ಹೆಸರು ಬೇಡ. ಮತ್ತು ಆ ಆಸೆ ಮಗುವಿನದಾಗಿರಲಿ. ಏಕೆಂದರೆ ಎರಡು ವರ್ಷ ದಿನವೂ ಉಜ್ಜಬೇಕಾದದ್ದು ಅದು, ನಾವಲ್ಲ.

ಉಜ್ಜುವುದೆಂದರೆ ಹೇಗೆ ಎಂಬುದಕ್ಕೆ ಬನಾರಸದಲ್ಲಿ ಸಲಹೆಗೆ ಬರವಿಲ್ಲ. ಗೊದೌಲಿಯಾ ಕಡೆಯಿಂದ ಘಾಟಿಗೆ ಇಳಿಯುವ ದಾರಿಯಲ್ಲಿ ಬೇವಿನ ದಾತುನ್ ಕಟ್ಟು ಮಾರಲು ಇಟ್ಟಿರುತ್ತಾರೆ. ಮನೆಗೆಲಸಕ್ಕೆ ಬರುವಾಕೆಗೆ ಬ್ರಶ್ಶೆಂದರೆ ನಗು. ಊರಿಂದ ಬಂದ ಅತ್ತೆಯವರ ಚೀಲದಲ್ಲಿ ನಂಜನಗೂಡು ಹಲ್ಲುಪುಡಿ ಇರಲೇಬೇಕು. ಬೇವಿನ ಕಡ್ಡಿ ಜಗಿದರೆ ಬ್ರ್ಯಾಕೆಟ್ ಕಿತ್ತುಬರುತ್ತದೆ. ಯಾವ ಪುಡಿಯಾದರೂ ಬೆರಳಿನಿಂದ ಉಜ್ಜಿದರೆ ತಂತಿಯ ಅಡಿಗೆ ತಲುಪುವುದಿಲ್ಲ. ಇನ್ನು ಈ ಕಡೆ ಹಲ್ಲುಜ್ಜಲು ಬಳಸುವ ಗುಲ್ ಎಂಬುದು ಹೊಗೆಸೊಪ್ಪಿನ ಪುಡಿ, ಅದನ್ನು ಮಕ್ಕಳ ಹತ್ತಿರವೂ ಬಿಡಬಾರದು. ತಂತಿ ಇರುವ ಬಾಯಿಗೆ ಮೆತ್ತನೆಯ ಬ್ರಶ್ಶನ್ನು ಒಮ್ಮೆ ಒಸಡಿನ ಕಡೆಯಿಂದ, ಒಮ್ಮೆ ಕೆಳಗಿನಿಂದ ಓರೆಯಾಗಿ ಹಿಡಿದು ತಂತಿಯ ಎರಡೂ ಬದಿ ಉಜ್ಜಬೇಕು. ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂತಿರುವ ಸಣ್ಣ ಬ್ರಶ್ಶನ್ನು ತಂತಿಯಡಿ ತೂರಿಸಬೇಕು. ರಾತ್ರಿ ಮಲಗುವ ಮುನ್ನ ಇದನ್ನು ತಪ್ಪಿಸುವಂತಿಲ್ಲ. ಪೇಸ್ಟಿನ ಮೇಲೆ ಫ್ಲೋರೈಡ್ 1000 ಪಿಪಿಎಮ್ ಅಥವಾ ಹೆಚ್ಚು ಎಂದಿದೆಯೇ ನೋಡಿಕೊಳ್ಳಿ.

ತಿನ್ನುವುದರ ಗೋಳು ಬೇರೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮದು. ಕ್ಲಿಪ್ ಹಾಕಿಸಿಕೊಂಡವರಿಗೆ ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವ ಹಾಗಿಲ್ಲ! ಗಟ್ಟಿ ವಸ್ತು ಕಡಿದರೆ ಬ್ರ್ಯಾಕೆಟ್ ಹಾರುತ್ತದೆ. ಒಂದು ಹಾರಿದರೆ ಚಿಕಿತ್ಸೆ ಕೆಲವು ವಾರ ಹಿಂದಕ್ಕೆ ಹೋಗುತ್ತದೆ. ಹುರಿಗಡಲೆ, ಕಬ್ಬು, ಐಸು ಬೇಡ. ಸೀಬೆಹಣ್ಣನ್ನು ಸಣ್ಣ ಹೋಳು ಮಾಡಿ, ಲಿಟ್ಟಿಯನ್ನು ಪುಡಿಮಾಡಿ ಚೋಖಾದಲ್ಲಿ ಕಲಸಿ ತಿನ್ನಬಹುದು. ಊರಿಂದ ಬರುವ ಪಾರ್ಸಲ್ಲಿನ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಅಪ್ಪನ ಪಾಲು. ಚಳಿಗಾಲದ ಮಲಯ್ಯೋ ಹಲ್ಲಿಗೆ ತಾಗುವ ಮುನ್ನವೇ ಕರಗುತ್ತದೆ, ಸಿಹಿ ಮಾತ್ರ ತಂತಿಯಲ್ಲಿ ಉಳಿಯುತ್ತದೆ, ತಿಂದ ಮೇಲೆ ಬಾಯಿ ಮುಕ್ಕಳಿಸಲೇಬೇಕು. ತಂತಿ ಬಿಗಿಮಾಡಿದ ದಿನ ಏನೂ ಅಗಿಯಲಾಗದೆ ಮಗು ಅಳುತ್ತಿದ್ದರೆ ನಮ್ಮ ಬಳಿ ಬ್ರಹ್ಮಾಸ್ತ್ರವಿದೆ: ರಾಗಿಮುದ್ದೆ. ಅಗಿಯುವ ಮಾತೇ ಇಲ್ಲ, ನುಂಗುವುದಷ್ಟೇ.

ಪಾನ್ ವಿಷಯ ಬಿಟ್ಟರೆ ಬನಾರಸಿನ ಋಣ ತೀರದು. 2023ರಲ್ಲಿ ಬನಾರಸಿ ಪಾನಿಗೆ ಭೌಗೋಳಿಕ ಗುರುತು ಸಿಕ್ಕಿತು, ಊರಿಗೆಲ್ಲ ಹೆಮ್ಮೆ. ಆದರೆ ಕಾಚು ಬ್ರ್ಯಾಕೆಟ್ಟಿನ ರಬ್ಬರ್ ಉಂಗುರಕ್ಕೆ ಹಿಡಿದರೆ ಬಿಡುವುದಿಲ್ಲ, ನಮ್ಮ ಸಾರಿನ ಅರಿಶಿನವೂ ಹಾಗೆಯೇ. ಬಣ್ಣದ್ದು ಚಿಕ್ಕ ಮಾತು, ಮುಂದಿನ ಭೇಟಿಯಲ್ಲಿ ಉಂಗುರ ಬದಲಾಗುತ್ತದೆ. ಅಡಿಕೆಯದು ದೊಡ್ಡ ಮಾತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೊಂದೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಹೇಳಿದೆ. ಅಡಿಕೆ ನಾಡಿನಿಂದ ಬಂದ ನಮಗೆ ಇದು ಕೇಳಲು ಹಿತವಲ್ಲ. ಆದರೂ ಮಕ್ಕಳ ಬಾಯಿಗೆ ಬೇಡ, ತಂತಿ ಇದ್ದರೂ ಇಲ್ಲದಿದ್ದರೂ.

ಈಗ ಊರೂರು ಅಲೆಯುವ ನಮ್ಮಂಥವರಿಗೆ ಮುಖ್ಯವಾದ ಮಾತು. ಕ್ಲಿಪ್ ಎರಡು ವರ್ಷದ ಸಂಸಾರ. ವರ್ಗದ ಸೂಚನೆ ಮೊದಲೇ ಇದ್ದರೆ ಶುರುಮಾಡುವ ಮುನ್ನವೇ ಡಾಕ್ಟರರಿಗೆ ಹೇಳಿ. ನಡುವೆ ಹೊರಡಬೇಕಾದರೆ ಸಾಮಾನು ಕಟ್ಟುವ ಮೊದಲು ಹಲ್ಲಿನ ಫೈಲು ಕಟ್ಟಿಕೊಳ್ಳಿ: ಮೊದಲ ದಿನದ ಫೋಟೋಗಳು, ಹಲ್ಲಿನ ಅಚ್ಚು, ಪೂರ್ತಿ ಬಾಯಿಯ ಎಕ್ಸ್‌ರೇ, ಪಕ್ಕದಿಂದ ತೆಗೆದ ಮುಖದ ಎಕ್ಸ್‌ರೇ, ಯಾವ ಹಲ್ಲು ಕೀಳಿಸಿದ್ದಾರೆ, ಯಾವ ಬಗೆಯ ಬ್ರ್ಯಾಕೆಟ್, ಈಗಿರುವ ತಂತಿ ಯಾವುದು, ಎಷ್ಟು ಹಣ ಸಂದಿದೆ. ಹಳೆಯ ಕ್ಲಿನಿಕ್ಕಿನಿಂದ ನಮಗೆ ಎಕ್ಸ್‌ರೇ ಬರಲು ಆರು ವಾರ ಫೋನ್ ಮಾಡಬೇಕಾಯಿತು, ಅಚ್ಚು ಬರಲೇ ಇಲ್ಲ. ಹೊಸ ಊರಿನಲ್ಲಿ ವಕ್ರದಂತ ಚಿಕಿತ್ಸೆಯಲ್ಲೇ ಎಂಡಿಎಸ್ ಮಾಡಿದವರನ್ನು ಹುಡುಕಿ. ಸರ್ಕಾರಿ ದಂತ ಕಾಲೇಜುಗಳನ್ನು ಮರೆಯಬೇಡಿ. ಇಲ್ಲಿ ಬಿಎಚ್‌ಯುವಿನಲ್ಲಿ ದಂತವಿಜ್ಞಾನದ ವಿಭಾಗವಿದೆ, ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ಸಾಲು ಉದ್ದ, ಖರ್ಚು ಕಡಿಮೆ. ಹೊಸ ಡಾಕ್ಟರು ಸಿಗುವವರೆಗೆ ತಂತಿ ಬಿಗಿಯಾಗದಿದ್ದರೆ ಆಗುವ ನಷ್ಟ ಸಮಯದ್ದು ಮಾತ್ರ. ಉಜ್ಜುವುದು ನಿಂತರೆ ಆಗುವ ನಷ್ಟ ಹಲ್ಲಿನದು.

ನಾಲ್ಕು ಹಲ್ಲು ಕೀಳಬೇಕೆಂದರೆ ಹೆದರಿ ಓಡಬೇಡಿ, ಕೇಳದೆ ಒಪ್ಪಿಕೊಳ್ಳಲೂಬೇಡಿ. ಕೀಳದಿದ್ದರೆ ಏನಾಗುತ್ತದೆ ಎಂದು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಆಫೀಸಿಗೆ ಹೋಗುವ ದೊಡ್ಡವರು ಈಗ ಕಾಣದ ಪ್ಲಾಸ್ಟಿಕ್ ಅಲೈನರ್ ಕಡೆ ವಾಲುತ್ತಿದ್ದಾರೆ. ತೆಗೆದು ಉಜ್ಜಬಹುದೆಂಬುದು ಅದರ ಗುಣ. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳದಿದ್ದರೆ ಹಲ್ಲು ಸರಿಯುವುದಿಲ್ಲ ಎಂಬುದು ಅದರ ಕಟ್ಟಳೆ. ಹಾಕಿಕೊಂಡೇ ಚಹಾ ಹೀರಿದರೆ ಸಕ್ಕರೆ ಒಳಗೇ ನಿಂತು ಹಲ್ಲಿಗೆ ಊಟವಾಗುತ್ತದೆ. ವಯಸ್ಸಾಯಿತೆಂದು ಹಲ್ಲು ಸರಿಯದೆ ಇರುವುದಿಲ್ಲ. ಆದರೆ ನಲವತ್ತರ ಬಾಯಿಯಲ್ಲಿ ಒಸಡಿನ ತಪಾಸಣೆ ಮೊದಲಾಗಬೇಕು.

ಕೊನೆಯದಾಗಿ ರಿಟೇನರ್. ತಂತಿ ತೆಗೆದ ದಿನ ಫೋಟೋ ತೆಗೆಸಿಕೊಂಡು ಸಿಹಿ ಹಂಚಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಹಲ್ಲಿಗೆ ಹಳೆಯ ಜಾಗದ ನೆನಪು ಹೋಗಿರುವುದಿಲ್ಲ, ನಾರುಗಳು ಅದನ್ನು ಹಿಂದಕ್ಕೆಳೆಯುತ್ತವೆ. ರಿಟೇನರ್ ಹಾಕಿಕೊಳ್ಳದಿದ್ದರೆ ನೇರವಾದದ್ದು ಮತ್ತೆ ಸೊಟ್ಟವಾಗುತ್ತದೆ. ಊಟಕ್ಕೆ ಕೂತಾಗ ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟರೆ ಎಂಜಲೆಲೆಯ ಜೊತೆ ಕಸದ ಬುಟ್ಟಿ ಸೇರುವುದು ಖಂಡಿತ, ಡಬ್ಬಿ ಇಟ್ಟುಕೊಳ್ಳಿ. ನಮ್ಮ ಮಗಳಿಗೆ ಇನ್ನೂ ಐದು ತಿಂಗಳ ಕೆಲಸ ಬಾಕಿ ಇದೆಯಂತೆ. ಆಮೇಲೆ ರಿಟೇನರ್ ಎಷ್ಟು ವರ್ಷ ಎಂದು ಮೊನ್ನೆ ಅವಳೇ ಡಾಕ್ಟರರನ್ನು ಕೇಳಿದಳು. "ನೇರ ಹಲ್ಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷ" ಎಂದರು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದವಳು, ಮನೆಗೆ ಬಂದು ಯಾರೂ ಹೇಳದೆ ಬ್ರಶ್ಶು ಹಿಡಿದಳು.